ವೈಜೆನ್‌ಬಾಮ್ ಪುಸ್ತಕವನ್ನು ಈಗ ಓದಬೇಕು

1966ರಲ್ಲಿ ಅಮೆರಿಕದ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ‘ಎಲಿಜಾ’ ಎಂಬ ಕಂಪ್ಯೂಟರ್ ಪ್ರೋಗ್ರಾಂನ ವಿವರ ಪ್ರಕಟಿಸಿದರು. ಅದು ಮನೋವೈದ್ಯರ ಹಾಗೆ ಮಾತಾಡುತ್ತಿತ್ತು. ಒಳಗಿನ ಉಪಾಯ ಬಹಳ ಸರಳ: ಟೈಪ್ ಮಾಡಿದ ವಾಕ್ಯದಲ್ಲಿ ಗುರುತಿನ ಪದವೊಂದನ್ನು ಹುಡುಕುವುದು, ‘ನಾನು’ ಇದ್ದಲ್ಲಿ ‘ನೀವು’ ಹಾಕಿ ಮಾತನ್ನು ಪ್ರಶ್ನೆಯಾಗಿ ತಿರುಗಿಸುವುದು. ‘ಅಮ್ಮ’ ಎಂದರೆ ಮನೆಯವರ ಬಗ್ಗೆ ವಿಚಾರಿಸುವುದು. ಏನೂ ಸಿಗದಿದ್ದರೆ ‘ಮುಂದೆ ಹೇಳಿ’ ಎನ್ನುವುದು.

ಅದು ರೂಪುಗೊಳ್ಳುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಒಂದು ದಿನ ಎಲಿಜಾ ಮುಂದೆ ಕುಳಿತರು. ನಾಲ್ಕು ಮಾತು ಆಗುತ್ತಲೇ, ಸ್ವಲ್ಪ ಹೊರಗಿರಿ ಎಂದು ವೈಜೆನ್‌ಬಾಮ್ ಅವರನ್ನೇ ಕೇಳಿಕೊಂಡರು!

ಯಂತ್ರದ ಜಾಣತನಕ್ಕಿಂತ ಮನುಷ್ಯರು ಅದಕ್ಕೆ ಮನಸ್ಸು ಬಿಚ್ಚಿದ ವೇಗ ಅವರನ್ನು ಕಂಗೆಡಿಸಿತು. ಇಂಥ ಪ್ರೋಗ್ರಾಂಗಳಿಂದಲೇ ಚಿಕಿತ್ಸೆ ಕೊಡಬಹುದು ಎಂದು ಕೆಲವು ಮನೋವೈದ್ಯರು ಹೊರಟಿದ್ದು ಇನ್ನಷ್ಟು ಕಾಡಿತು. ನಾಜಿಗಳ ಜರ್ಮನಿಯಿಂದ 1936ರಲ್ಲಿ ಕುಟುಂಬದೊಂದಿಗೆ ಹೊರಟುಬಂದಿದ್ದ ಯಹೂದಿ ಹುಡುಗ ಅವರು. ಲೆಕ್ಕಾಚಾರ ವಿವೇಚನೆಯ ಜಾಗಕ್ಕೆ ಬಂದು ಕೂತರೆ ಏನಾದೀತು ಎಂಬ ಭಯ ಅವರಿಗೆ ಬರೀ ಪುಸ್ತಕದ ಮಾತಾಗಿರಲಿಲ್ಲ.

1976ರಲ್ಲಿ ಬಂದ ‘ಕಂಪ್ಯೂಟರ್ ಪವರ್ ಅಂಡ್ ಹ್ಯೂಮನ್ ರೀಸನ್’ ಕೃತಿಯ ಪ್ರಶ್ನೆ ಇದು: ಯಂತ್ರದಿಂದ ಸಾಧ್ಯವಾದರೂ ಯಾವ ಕೆಲಸವನ್ನು ಅದಕ್ಕೆ ಒಪ್ಪಿಸಬಾರದು? ನ್ಯಾಯಾಧೀಶರ ಪೀಠವನ್ನು, ನೊಂದವರ ಸಾಂತ್ವನವನ್ನು ಒಪ್ಪಿಸಬಾರದು ಎಂಬುದು ಅವರ ನಿಲುವು. ‘ಕೃತಕ ಬುದ್ಧಿಮತ್ತೆ’ಗೆ ಆ ಹೆಸರು ಕೊಟ್ಟ ಜಾನ್ ಮೆಕಾರ್ಥಿ ಪುಸ್ತಕವನ್ನು ಕಟುವಾಗಿ ವಿಮರ್ಶಿಸಿದರು.

ವೈಜೆನ್‌ಬಾಮ್ ಹೇಳಿದ್ದೆಲ್ಲ ನಿಜವಾಗಲಿಲ್ಲ. ಮಾತನ್ನು ಗುರುತಿಸುವ ಯಂತ್ರ ವಿಪರೀತ ದುಬಾರಿ, ಸರ್ಕಾರ ಮತ್ತು ದೊಡ್ಡ ಕಂಪನಿಗಳಿಗಷ್ಟೇ ಎಟುಕೀತು ಎಂದುಕೊಂಡಿದ್ದರು. ಇವತ್ತು ಜೇಬಿನ ಫೋನು ಕನ್ನಡದಲ್ಲಿ ಆಡಿದ ಮಾತನ್ನೂ ಅಕ್ಷರಕ್ಕಿಳಿಸುತ್ತದೆ. ತಂತ್ರಜ್ಞಾನದ ಬರವಣಿಗೆಯಲ್ಲಿ ಭವಿಷ್ಯ ನುಡಿದ ಪುಟಗಳು ಹೀಗೆ ಬೇಗ ಹಳಸುತ್ತವೆ. ಕಾರ್ಯದರ್ಶಿಯ ಪ್ರಸಂಗ ಮಾತ್ರ ನಿನ್ನೆ ನಡೆದಂತಿದೆ. ಅದು ಒಂಟಿತನದಲ್ಲಿ ಕಿವಿಗೊಡುವವರಿಗಾಗಿ ಹುಡುಕುವ ಮನುಷ್ಯರ ಬಗ್ಗೆ ಬರೆದದ್ದು. ಆ ಹುಡುಕಾಟಕ್ಕೆ ಹೊಸ ಆವೃತ್ತಿ ಬರುವುದಿಲ್ಲ. ನಡುರಾತ್ರಿ ಚಾಟ್‌ಬಾಟ್‌ಗೆ ಸಂಕಟ ತೋಡಿಕೊಳ್ಳುವ ಮಗನ ತಂದೆತಾಯಿಗೆ 1976ರ ಆ ಪ್ರಶ್ನೆ ಹಳೆಯದೆನಿಸದು.

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈಗ ಕೃತಕ ಬುದ್ಧಿಮತ್ತೆಯೇ ಒಂದು ವಿಭಾಗ. ಅಲ್ಲಿನ ಅಧ್ಯಾಪಕರು ಮೊದಲ ಸೆಮಿಸ್ಟರಿನಲ್ಲೇ, ಕೋಡ್ ಬರೆಸುವ ಮುನ್ನ, ಈ ಪುಸ್ತಕದ ಒಂದು ಅಧ್ಯಾಯವನ್ನಾದರೂ ವಿದ್ಯಾರ್ಥಿಗಳಿಂದ ಓದಿಸಲಿ.