ಅವರಿರಬೇಕಿತ್ತು ಎನ್ನುವ ಮಾತಿನ ಹಿಂದೆ

ರಾಜಕುಮಾರ್ ಅವರ ಸಿಐಡಿ 999 ಚಿತ್ರಗಳ ಮಾತು ಬಂತೆಂದರೆ, ನಮ್ಮ ಚಿತ್ರದುರ್ಗದ ಕಡೆ ಅದು ಬೇಗನೆ ನಾಯಕಿಯರತ್ತ ಹೊರಳುತ್ತದೆ. ಕಲ್ಪನಾ ಇರಬೇಕಿತ್ತು ಎಂದು ಒಬ್ಬರು ಹೇಳಿದರೆ ಆರತಿ ಸಿಕ್ಕಿದ್ದರೆ ಚಿತ್ರದ ಗತ್ತೇ ಬೇರೆಯಾಗುತ್ತಿತ್ತು ಎಂದು ಇನ್ನೊಬ್ಬರು. ಗೂಢಚಾರರ ಕಥೆಗೆ ಗಟ್ಟಿ ಹೆಣ್ಣು ಬೇಕು, ಮಂಜುಳಾ ಬಿಟ್ಟು ಇನ್ಯಾರು ಎಂದು ಕೇಳುವವರೂ ಇದ್ದಾರೆ. ಈ ಚಿತ್ರಗಳ ಪೈಕಿ ಮೂರು ಬಂದು ಅರ್ಧ ಶತಮಾನ ದಾಟಿದೆ. ಕಲ್ಪನಾ 1979ರಲ್ಲೇ ಹೋದರು, ಮಂಜುಳಾ 1986ರಲ್ಲಿ. ಇನ್ನು ಎಂದೂ ನಡೆಯಲಾರದ ಒಂದು ಪಾತ್ರ ಹಂಚಿಕೆಗಾಗಿ ಜನ ಇಷ್ಟು ಆಸೆಯಿಂದ ವಾದ ಮಾಡುವುದನ್ನು ಹೊತ್ತು ಕಳೆಯುವ ಹರಟೆ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ನೋಡುವ ಕಣ್ಣಿಗೆ ಯಾವುದೋ ಕೊರತೆ ಕಂಡಿದೆ. ಅದು ಯಾವುದು, ಇನ್ನೊಬ್ಬ ನಟಿ ಬಂದಿದ್ದರೆ ಅದು ತುಂಬುತ್ತಿತ್ತೇ ಎಂದು ಯೋಚಿಸಬೇಕಾಗಿದೆ.

ಮೊದಲು ಚಿತ್ರಗಳನ್ನು ನೆನೆಯೋಣ. 1968ರಲ್ಲಿ ದೊರೈ-ಭಗವಾನ್ ಜೋಡಿ ‘ಜೇಡರ ಬಲೆ’ ತೆಗೆಯಿತು. ಜೇಮ್ಸ್ ಬಾಂಡ್‌ನ ಮಾದರಿಯನ್ನು ಕನ್ನಡಕ್ಕೆ ತಂದ ಚಿತ್ರ ಅದು. ಪೌರಾಣಿಕ, ಐತಿಹಾಸಿಕ ಪಾತ್ರಗಳಲ್ಲಿ ಜನ ಕಂಡಿದ್ದ ರಾಜಕುಮಾರ್ ಅದರಲ್ಲಿ ಸೂಟು ತೊಟ್ಟು, ಪಿಸ್ತೂಲು ಹಿಡಿದು ಸಿಐಡಿ 999 ಪ್ರಕಾಶ್ ಆದರು. ಜೊತೆಗೆ ಜಯಂತಿ, ಉದಯಚಂದ್ರಿಕಾ. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’ ಬಂತು, ಲಕ್ಷ್ಮಿ ಕನ್ನಡಕ್ಕೆ ಕಾಲಿಟ್ಟದ್ದು ಅದರಲ್ಲಿ. 1969ರ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಚಿತ್ರಕ್ಕೆ ರೇಖಾ ನಾಯಕಿ. ಹಿಂದಿಯ ‘ಸಾವನ್ ಭಾದೋ’ ಬರುವುದಕ್ಕೆ ಇನ್ನೂ ಒಂದು ವರ್ಷವಿತ್ತು. 1954ರ ಅಕ್ಟೋಬರ್‌ನಲ್ಲಿ ಹುಟ್ಟಿದ ಹುಡುಗಿಗೆ ಆಗ 15ರ ಆಸುಪಾಸು, ನಾಯಕನಿಗೆ 40. ಈ ಲೆಕ್ಕ ನೋಡಿದಾಗೆಲ್ಲ ನನಗೆ ಕಸಿವಿಸಿಯಾಗುತ್ತದೆ. ಒಂಬತ್ತು ವರ್ಷ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದಾಗ ನಾಯಕಿ ಪದ್ಮಪ್ರಿಯಾ. ಪ್ರಕಾಶ್ ಮಾತ್ರ ಹಳೆಯ ಪ್ರಕಾಶ್.

ನಾಲ್ಕೂ ಚಿತ್ರಗಳಲ್ಲಿ ಗಂಡು ಒಬ್ಬನೇ, ಹೆಣ್ಣು ಪ್ರತಿಸಲವೂ ಬೇರೆ. ಅಭಿಮಾನಿಗಳ ಆಸೆ ಹುಟ್ಟುವುದೇ ಈ ಕಟ್ಟಿನಲ್ಲಿ ಎಂಬುದು ನನ್ನ ಅನುಮಾನ. ಚಿತ್ರ ಮುಗಿಯುತ್ತಲೇ ನಾಯಕಿಯ ಜಾಗ ತೆರವಾಗುತ್ತದೆ, ಮುಂದಿನ ಚಿತ್ರಕ್ಕೆ ಇನ್ನೊಬ್ಬರು ಬರುತ್ತಾರೆ. ತೆರವಾದ ಜಾಗ ಕಂಡ ಮೇಲೆ ತಮಗೆ ಬೇಕಾದವರನ್ನು ಅಲ್ಲಿ ಕೂರಿಸಿ ನೋಡುವುದು ಮನಸ್ಸಿನ ಸಹಜ ಗುಣ. ಪ್ರಕಾಶನ ಜಾಗದಲ್ಲಿ ಉದಯಕುಮಾರ್ ಇದ್ದಿದ್ದರೆ ಎಂದು ಯಾರೂ ಕೇಳುವುದಿಲ್ಲ.

ಬಾಂಡ್ ಚಿತ್ರಗಳ ಕಥೆಯೂ ಇದೇ. ಸ್ವೀಡನ್ನಿನ ಮಾಡ್ ಆ್ಯಡಮ್ಸ್ 1974ರ ಬಾಂಡ್ ಚಿತ್ರದಲ್ಲಿ ಒಬ್ಬಳಾಗಿ ಬಂದು ಸತ್ತರು, 1983ರ ‘ಆಕ್ಟೋಪಸ್ಸಿ’ಯಲ್ಲಿ ಬೇರೊಬ್ಬಳಾಗಿ ಬಂದರು. ಅದರಿಂದ ಸರಣಿಗೆ ಎಲ್ಲೂ ತೊಡಕಾಗಲಿಲ್ಲ. ಉದಯಪುರದಲ್ಲಿ ಚಿತ್ರೀಕರಣವಾದ ಆ ಚಿತ್ರದಲ್ಲಿ ಕಬೀರ್ ಬೇಡಿ, ವಿಜಯ್ ಅಮೃತರಾಜ್ ಅವರಿಗೆ ಪಾತ್ರವಿತ್ತು. ನಾಯಕಿಯ ಸ್ಥಾನ ಮಾತ್ರ ಭಾರತದ ಯಾವ ನಟಿಗೂ ಸಿಗಲಿಲ್ಲ. ಹಾಗೆಂದು ನಮ್ಮವರೊಬ್ಬರು ಅಲ್ಲಿ ಇರಬೇಕಿತ್ತು ಎಂದು ಹಂಬಲಿಸುವಾಗ ಒಂದು ಮಾತು ಕೇಳಿಕೊಳ್ಳಬೇಕು: ಇದ್ದು ಏನು ಮಾಡುತ್ತಿದ್ದರು?

ನೆರೆಯಲ್ಲೂ ಹೀಗೇ ಇತ್ತು. 1966ರಲ್ಲಿ ತೆಲುಗಿನ ‘ಗೂಢಚಾರಿ 116’ ಬಂದಾಗ ಕೃಷ್ಣ ಗೂಢಚಾರ, ಜಯಲಲಿತಾ ನಾಯಕಿ. ಮೇಲುಕೋಟೆಯಲ್ಲಿ ಹುಟ್ಟಿ, 1964ರ ‘ಚಿನ್ನದ ಗೊಂಬೆ’ಯಿಂದ ನಾಯಕಿಯಾದ ಅವರನ್ನು ಸಿಐಡಿ 999ಕ್ಕೆ ಏಕೆ ಕರೆಯಲಿಲ್ಲ ಎಂದು ಹಳಬರು ಕೇಳುವುದುಂಟು. ಮುಂದೆ ಒಂದು ರಾಜ್ಯವನ್ನೇ ಆಳಿದ ಹೆಣ್ಣಿನ ಚುರುಕನ್ನು ಆ ಜಾತಿಯ ಚಿತ್ರಗಳು ಹಾಡು, ಪ್ರೇಮ, ಅಪಾಯ, ಬಿಡುಗಡೆ ಎಂಬ ನಾಲ್ಕು ಮನೆಯೊಳಗೆ ಹಿಡಿದಿಡುತ್ತಿದ್ದವು. ಭಾಷೆ ಬದಲಾದರೆ ಮನೆ ಬದಲಾಗುತ್ತಿರಲಿಲ್ಲ.

ನನ್ನ ವಾದ ಇಷ್ಟು. ಅಭಿಮಾನಿಗಳು ಕಂಡ ಕೊರತೆ ನಿಜ, ಅವರು ಬೆರಳು ತೋರಿಸುವ ಕಡೆ ತಪ್ಪು. ಕೊರತೆ ಇದ್ದದ್ದು ಬರವಣಿಗೆಯಲ್ಲಿ, ನಟಿಯರಲ್ಲಿ ಅಲ್ಲ. ಇದಕ್ಕೆ ಪುರಾವೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ದೊರೈ-ಭಗವಾನ್ ಅವರ ಮುಂದಿನ ಚಿತ್ರಗಳೇ ಸಾಕು. ಜೇಡರ ಬಲೆಯಾದ ಮೂರು ವರ್ಷಕ್ಕೆ, 1971ರಲ್ಲಿ, ಅದೇ ನಿರ್ದೇಶಕರು ಅದೇ ರಾಜಕುಮಾರ್, ಅದೇ ಜಯಂತಿಯವರನ್ನು ಇಟ್ಟುಕೊಂಡು ‘ಕಸ್ತೂರಿ ನಿವಾಸ’ ತೆಗೆದರು. ಆ ಚಿತ್ರದಲ್ಲಿ ಜಯಂತಿ ಸುಮ್ಮನೆ ನಿಂತ ಗಳಿಗೆಗಳೂ ನಮಗೆ ನೆನಪಿವೆ. ನಿರ್ದೇಶಕರು ಬದಲಾಗಲಿಲ್ಲ, ನಾಯಕ ಬದಲಾಗಲಿಲ್ಲ, ನಟಿಯೂ ಬದಲಾಗಲಿಲ್ಲ. ಬದಲಾದದ್ದು ಅವರ ಕೈಗೆ ಬಂದ ಕಥೆ. 1974ರ ‘ಎರಡು ಕನಸು’ ನೋಡಿ. ವಾಣಿ ಅವರ ಕಾದಂಬರಿಯದು, ಅಲ್ಲಿ ಕಲ್ಪನಾ ಮತ್ತು ಮಂಜುಳಾ ಇಬ್ಬರೂ ಇದ್ದಾರೆ. ಇಬ್ಬರಲ್ಲಿ ಯಾರನ್ನು ತೆಗೆದರೂ ಕಥೆ ಕುಸಿಯುತ್ತದೆ. ಗೂಢಚಾರ ಸರಣಿಯಲ್ಲಿ ಜನ ಬಯಸಿದ ಎರಡು ಹೆಸರುಗಳು ಇದೇ ನಿರ್ದೇಶಕರ ಕೈಯಲ್ಲಿ, ಇದೇ ನಾಯಕನ ಎದುರು, ಒಂದೇ ಚಿತ್ರದಲ್ಲಿ ಸಿಕ್ಕಿದ್ದವು ಎಂದ ಹಾಗಾಯಿತು.

ಆ ವರ್ಷಗಳ ಇನ್ನೊಂದು ಸಂಗತಿಯನ್ನು ನಾವು ಸಾಕಷ್ಟು ಗಮನಿಸಿಲ್ಲ. 1967ರ ‘ಬೆಳ್ಳಿಮೋಡ’ ತ್ರಿವೇಣಿಯವರ ಕಾದಂಬರಿ. 1969ರ ‘ಗೆಜ್ಜೆಪೂಜೆ’ ಎಂ.ಕೆ. ಇಂದಿರಾ ಅವರದ್ದು. 1971ರ ‘ಶರಪಂಜರ’ ಮತ್ತೆ ತ್ರಿವೇಣಿ. ಪುಟ್ಟಣ್ಣ ಕಣಗಾಲರು ತೆಗೆದ ಈ ಮೂರರಲ್ಲೂ ಕಲ್ಪನಾ. ಹೆಂಗಸರು ಬರೆದ ಕಥೆಗಳಿಂದ ಹೆಂಗಸರಿಗೆ ಕೈತುಂಬ ಕೆಲಸ ಸಿಗುತ್ತಿದ್ದ ಹೊತ್ತಿನಲ್ಲೇ ಸಿಐಡಿ 999 ಪರದೇಶದ ಅಚ್ಚಿನಿಂದ ಕಥೆ ಎರೆದುಕೊಳ್ಳುತ್ತಿದ್ದ. ಆ ಅಚ್ಚಿನಲ್ಲಿ ಹೆಣ್ಣಿಗಿದ್ದ ಜಾಗ ಎಷ್ಟೋ ಅಷ್ಟೇ ಇಲ್ಲಿಗೂ ಇಳಿಯಿತು. ಕಲ್ಪನಾ ಅವರನ್ನು ಅಲ್ಲಿ ನಿಲ್ಲಿಸಿದ್ದರೆ ಏನಾಗುತ್ತಿತ್ತು? ಮಾತನ್ನು ಎಳೆದು, ಉಸಿರು ತುಂಬಿ, ಒಂದೇ ದೃಶ್ಯದಲ್ಲಿ ನಗುವಿನಿಂದ ಕಣ್ಣೀರಿಗೆ ಹೋಗುವ ಅವರ ರೀತಿಗೆ ಹರವು ಬೇಕು. ಎರಡು ಹಾಡು, ಒಂದು ಅಪಹರಣದ ನಡುವೆ ಅದಕ್ಕೆ ಎಡೆಯಿರಲಿಲ್ಲ. ಆ ಚಿತ್ರದಲ್ಲಿ ಅವರು ಉಸಿರು ಕಟ್ಟಿದವರಂತೆ ಕಾಣುತ್ತಿದ್ದರು ಎಂದೇ ನನ್ನ ನಂಬಿಕೆ.

ಇದಕ್ಕೆ ಎದುರು ಮಾತಿದೆ, ಅದು ಹಗುರವಾದದ್ದೇನಲ್ಲ. ಕೆಲವು ನಟಿಯರು ಪಾತ್ರವನ್ನು ಬರೆದದ್ದಕ್ಕಿಂತ ದೊಡ್ಡದು ಮಾಡುತ್ತಾರೆ. 1969ರ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ ಚಿತ್ರದಲ್ಲಿ ಡಯಾನಾ ರಿಗ್ ಬಂದದ್ದರಿಂದಲೇ ಬಾಂಡ್ ಮದುವೆಯಾಗುವಂಥ ಹೆಣ್ಣನ್ನು ನಾವು ನಂಬಿದೆವು ಎನ್ನುತ್ತಾರೆ. ಒಪ್ಪುತ್ತೇನೆ. ಅವರ ಕಣ್ಣಿನ ದಿಟ್ಟತನ ಯಾವ ಬರಹಗಾರನೂ ಕಾಗದದ ಮೇಲೆ ಇಡಬಲ್ಲ ವಸ್ತುವಲ್ಲ. ಆದರೂ ರಿಗ್ ಮಾಡಿದ ಆ ಟ್ರೇಸಿಗೆ ಒಬ್ಬ ತಂದೆಯಿದ್ದಾನೆ, ಬಾಂಡ್ ಬರುವ ಮುಂಚಿನ ದುಃಖವಿದೆ, ಬೆನ್ನಟ್ಟುವ ಶತ್ರುಗಳಿಂದ ಬಾಂಡ್‌ನನ್ನು ಪಾರು ಮಾಡಲು ಕಾರಿನ ಚುಕ್ಕಾಣಿ ಹಿಡಿಯುವ ಕೆಲಸವೂ ಇದೆ. ಹಿಡಿಯಲು ಏನಾದರೂ ಕೊಟ್ಟರೆ ತಾನೇ ಅದನ್ನು ಎತ್ತಿ ತೋರಿಸುವುದು?

ಇಂಥ ಚಿತ್ರಗಳಲ್ಲಿ ನಾಯಕನೂ ತೆಳುವೇ, ಪ್ರಕಾಶನ ಮನಸ್ಸಿನಲ್ಲಿ ಏನಿತ್ತೆಂದು ಯಾರಿಗೆ ಗೊತ್ತು, ನಾಯಕಿಗೆ ಮಾತ್ರ ಆಳ ಕೇಳುವುದೇಕೆ ಎಂದೂ ಹೇಳಬಹುದು. ಪ್ರಕಾಶನಿಗೆ ಆಳವಿಲ್ಲದಿದ್ದರೂ ಕೆಲಸವಿದೆ. ಹುಡುಕುತ್ತಾನೆ, ವೇಷ ಹಾಕುತ್ತಾನೆ, ಹೊಡೆಯುತ್ತಾನೆ, ಕೊನೆಗೆ ಬಲೆಯ ಎಳೆಯನ್ನು ಬಿಡಿಸುವವನು ಅವನೇ. ನಾನು ನಾಯಕಿಗಾಗಿ ಕೇಳುವುದು ಆಳವನ್ನಲ್ಲ, ಅದೇ ಕೆಲಸವನ್ನು.

ಇಲ್ಲಿಗೆ ಮಾತು ನಮ್ಮ ಕೋಟೆಗೇ ಬರುತ್ತದೆ. ಗೂಢಚರ್ಯೆಯಲ್ಲಿ ಹೆಣ್ಣಿಗೆ ಏನು ಕೆಲಸ ಎಂಬುದಕ್ಕೆ ದುರ್ಗದ ಜನ ಕೊಡುವ ಉತ್ತರ ಹೈದರಾಲಿಯ ಕಾಲದ್ದು. ಆ ಕಥೆಯನ್ನು ಕೇಳುತ್ತಲೇ ನಾವು ಬೆಳೆದಿದ್ದೇವೆ. ಕೋಟೆಯ ಬಂಡೆಗಳ ನಡುವಿನ ಸಂದಿಯಲ್ಲಿ ಮೊಸರು ಮಾರುವ ಹೆಂಗಸೊಬ್ಬಳು ನುಸುಳಿದ್ದನ್ನು ಹೈದರನ ಕಡೆಯವರು ಕಂಡು ದಾರಿ ತಿಳಿದುಕೊಂಡರಂತೆ. ಕಾವಲಿನ ಗಂಡ ಊಟಕ್ಕೆ ಕುಳಿತ ಹೊತ್ತಿನಲ್ಲಿ ನೀರಿಗೆಂದು ಬಂದ ಓಬವ್ವ ಆ ಕಿಂಡಿಯ ಆಚೆ ಸದ್ದು ಕೇಳಿದಳು. ಒನಕೆ ತಂದು, ತಲೆ ಹಾಕಿದವರನ್ನು ಒಬ್ಬೊಬ್ಬರಾಗಿ ಹೊಡೆದುರುಳಿಸಿ, ಹೆಣ ಪಕ್ಕಕ್ಕೆಳೆದು ಮುಂದಿನವನಿಗೆ ಕಾದಳು. ಒನಕೆಯ ಏಟನ್ನು ಎಲ್ಲರೂ ಹಾಡಿ ಹೊಗಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಏಟಿಗೆ ಮುಂಚಿನ ಗಳಿಗೆ. ಸದ್ದು ಕೇಳಿದಳು, ಯಾರೆಂದು ಊಹಿಸಿದಳು, ಕೂಗಿ ಗಂಡನನ್ನು ಎಬ್ಬಿಸಲಿಲ್ಲ, ಒಬ್ಬ ತೂರಿಬರಲು ಹಿಡಿಯುವ ಹೊತ್ತನ್ನು ಅಳೆದಳು. ಪತ್ತೇದಾರಿಕೆ ಎಂದರೆ ಇದೇ ಅಲ್ಲವೇ? ಕಥೆಯ ಆ ತುದಿಯಲ್ಲೂ ಹೆಂಗಸೇ, ಈ ತುದಿಯಲ್ಲೂ ಹೆಂಗಸೇ. ಗುಟ್ಟಿನ ದಾರಿ ಹೊರಬಿದ್ದದ್ದು ಮೊಸರಿನವಳಿಂದ, ಆ ದಾರಿ ಮುಚ್ಚಿದ್ದು ನೀರಿನವಳಿಂದ. ಸಂತೆ, ಬಾವಿಕಟ್ಟೆ, ಅಡುಗೆಮನೆ, ಹಿತ್ತಿಲ ಬಾಗಿಲು ಇವೆಲ್ಲ ಸುದ್ದಿ ಓಡಾಡುವ ದಾರಿಗಳೆಂದು ದುರ್ಗದ ಜನಕ್ಕೆ ಗೊತ್ತಿತ್ತು. ಹೋಟೆಲ್ಲು, ಕಾರು, ಕ್ಲಬ್ಬುಗಳ ಬೆಡಗಿನಲ್ಲಿ ನಮ್ಮ ಗೂಢಚಾರ ಚಿತ್ರಗಳು ಈ ದಾರಿಗಳತ್ತ ತಿರುಗಿಯೂ ನೋಡಲಿಲ್ಲ.

ಆ ಓಬವ್ವನನ್ನು ತೆರೆಯ ಮೇಲೆ ಮಾಡಿದವರು ಯಾರು? ಜೇಡರ ಬಲೆಯ ಜಯಂತಿಯವರೇ. 1972ರ ‘ನಾಗರಹಾವು’ ಚಿತ್ರದಲ್ಲಿ, ಪಿ.ಬಿ. ಶ್ರೀನಿವಾಸ್ ಹಾಡಿದ ಒಂದೇ ಹಾಡಿನಷ್ಟು ಹೊತ್ತು, ನಮ್ಮ ಕೋಟೆಯಲ್ಲಿ. ಆ ಚಿತ್ರದ ಅಲಮೇಲು ಆರತಿ, ಮಾರ್ಗರೆಟ್ ಶುಭಾ, ಇಬ್ಬರದೂ ದೊಡ್ಡ ಪಾತ್ರ. ಜಯಂತಿಯವರು ಬಂದು ಹೋಗುವುದು ಕೆಲವೇ ನಿಮಿಷ. ಹಾಗಿದ್ದೂ ಇಂದಿಗೂ ಕಿಂಡಿಯ ಮುಂದೆ ನಿಂತವರ ಬಾಯಲ್ಲಿ ಅವರ ಹೆಸರು ಬರುತ್ತದೆ. 2021ರ ಜುಲೈಯಲ್ಲಿ ಅವರು ತೀರಿಕೊಂಡಾಗ ದುರ್ಗದವರು ನೆನೆದದ್ದು ಸೆರಗು ಬಿಗಿದು ಒನಕೆ ಎತ್ತಿದ ಆ ರೂಪವನ್ನೇ. ಅಭಿಮಾನಿಗಳ ಮಾತನ್ನು ಇಷ್ಟು ವರ್ಷ ಕೇಳಿದ್ದೇನೆ, ಓಬವ್ವನ ಪಾತ್ರಕ್ಕೆ ಇನ್ನೊಬ್ಬರು ಇರಬೇಕಿತ್ತು ಎಂದದ್ದನ್ನು ನಾನು ಕೇಳಿಲ್ಲ. ಕಲ್ಪನಾ ಭಕ್ತರೂ ಹಾಗೆನ್ನುವುದಿಲ್ಲ. ಹಾಡಿನಷ್ಟೇ ಉದ್ದವಿದ್ದರೂ ಆ ಪಾತ್ರಕ್ಕೆ ಆರಂಭವಿದೆ, ನಿರ್ಧಾರವಿದೆ, ಮೈಮುರಿಯುವ ದುಡಿಮೆಯಿದೆ, ಸಾವಿದೆ. ಬೇರೊಬ್ಬರನ್ನು ತಂದು ಕೂರಿಸಲು ಅಲ್ಲಿ ತೆರಪಿಲ್ಲ.

ಲಕ್ಷ್ಮಿಯವರ ಉದಾಹರಣೆ ಇನ್ನೂ ಹತ್ತಿರದ್ದು. ಗೋವಾದಲ್ಲಿ 999ನ ಜೊತೆಯಾಗಿ ಕನ್ನಡಕ್ಕೆ ಬಂದ ಅವರು ಹನ್ನೊಂದು ವರ್ಷದ ಮೇಲೆ, 1979ರಲ್ಲಿ, ಅದೇ ದೊರೈ-ಭಗವಾನ್ ಅವರ ‘ಚಂದನದ ಗೊಂಬೆ’ಯಲ್ಲಿ ಅನಂತನಾಗ್ ಎದುರು ನಟಿಸಿದರು. ಕಥೆ ನಮ್ಮ ದುರ್ಗದ ಕಾದಂಬರಿಕಾರ ತ.ರಾ.ಸು. ಅವರದು. ಅದನ್ನು ನೋಡಿದ ಮೇಲೆ ಗೋವಾದ ಚಿತ್ರಕ್ಕೆ ಲಕ್ಷ್ಮಿ ಸಾಲದಾಗಿದ್ದರು ಎಂದು ಯಾರಾದರೂ ಹೇಳಬಲ್ಲರೇ?

ನನ್ನನ್ನೂ ಕೇಳುತ್ತಾರೆ, ನಿಮ್ಮ ಪ್ರಕಾರ ಯಾರಿರಬೇಕಿತ್ತು ಎಂದು. ಹೆಸರು ಹೇಳದೆ ಜಾರಿಕೊಳ್ಳುವುದು ನ್ಯಾಯವಲ್ಲ. 1978ರ ಡೈಮಂಡ್ ರಾಕೆಟ್‌ಗೆ ನಾನು ಆರತಿಯವರನ್ನು ಬಯಸುತ್ತೇನೆ, ಪ್ರಕಾಶನ ಪ್ರೇಯಸಿಯಾಗಿ ಅಲ್ಲ, ಪ್ರಕಾಶನಿಗೆ ಆಜ್ಞೆ ಕೊಡುವ ಅಧಿಕಾರಿಯಾಗಿ. ಅವರ ತಣ್ಣನೆಯ ದನಿಗೆ, ಎದುರಿಗಿದ್ದವನನ್ನು ಅಳೆಯುವ ನೋಟಕ್ಕೆ ಆ ಕುರ್ಚಿ ಒಪ್ಪುತ್ತಿತ್ತು. ಮಂಜುಳಾ ಶತ್ರುವಿನ ಗುಂಪಿನೊಳಗೆ ಸೇರಿಕೊಂಡ ನಮ್ಮ ಕಡೆಯ ಬೇಹುಗಾರ್ತಿ. ‘ಸಂಪತ್ತಿಗೆ ಸವಾಲ್’ನಲ್ಲಿ ರಾಜಕುಮಾರ್ ಅವರಿಗೆ ಎದುರು ನಿಂತು ಜಗಳಾಡಿದ ಹೆಣ್ಣು ಕಳ್ಳರ ನಡುವೆ ಧೈರ್ಯವಾಗಿ ಬಾಳಬಲ್ಲಳು. ಜಯಂತಿಯವರು ಮಾತ್ರ ಹತ್ತು ವರ್ಷ ಹಿಂದಿನ ಜೇಡರ ಬಲೆಯ ಆ ಹೆಣ್ಣೇ ಆಗಿ, ನಡುವೆ ಏನಾಯಿತೆಂಬ ನೆನಪುಗಳೊಂದಿಗೆ ಮರಳಿ ಬರಬೇಕು. ಪ್ರಕಾಶನಿಗೆ ವಯಸ್ಸಾಗಿದೆ ಎಂಬುದನ್ನು ಹೇಳುವ ಹಕ್ಕು ಅವರೊಬ್ಬರಿಗೇ ಇತ್ತು. ಪದ್ಮಪ್ರಿಯಾ ಅವರನ್ನು ತೆಗೆಯಬೇಕೆಂದೂ ನನಗಿಲ್ಲ. ಅದೇ ವರ್ಷ ‘ಶಂಕರ್ ಗುರು’ವಿನಲ್ಲೂ ಇದ್ದ ಅವರಿಗೆ ಇಂಥ ಗುಂಪಿನಲ್ಲಿ ಒಂದು ಒಳ್ಳೆಯ ಕೆಲಸ ಖಂಡಿತ ಹುಟ್ಟುತ್ತಿತ್ತು.

ಆದರೆ ಈ ಪಟ್ಟಿಗೆಲ್ಲ ಮೊದಲು ಬರಬೇಕಾದ ಹೆಸರು ನಟಿಯದ್ದಲ್ಲ, ತ.ರಾ.ಸು. ಅವರದು. ಅವರು 1984ರವರೆಗೆ ನಮ್ಮ ನಡುವೆ ಇದ್ದರು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’ಗಳಲ್ಲಿ ದುರ್ಗದ ಅರಮನೆಯ ಒಳಸಂಚುಗಳನ್ನು ಬಿಡಿಸಿಟ್ಟವರು. ಯಾರ ಕಿವಿಗೆ ಯಾವ ಮಾತು ಬಿತ್ತು, ಅದು ಯಾವ ಬಾಗಿಲಿನಿಂದ ಹೊರಗೆ ಹೋಯಿತು ಎಂದು ಎಳೆ ಎಳೆಯಾಗಿ ಬಲ್ಲವರು. ಓಬವ್ವ ನಾಗತಿಯಂಥ ರಾಣಿಯನ್ನು ರಾಜಕಾರಣದ ನಡುವೆಯೇ ನಿಲ್ಲಿಸಿ ಬರೆದವರು. ದೊರೈ-ಭಗವಾನ್ 1978ರಲ್ಲಿ ಕೊನೆಯ 999 ಚಿತ್ರ ತೆಗೆದರು, ತ.ರಾ.ಸು. ಕಾದಂಬರಿ ಎತ್ತಿಕೊಂಡದ್ದು 1979ರಲ್ಲಿ. ನಡುವೆ ಇದ್ದದ್ದು ಒಂದೇ ವರ್ಷ. ಆ ಎರಡು ಕೆಲಸ ಒಂದಾಗಿದ್ದರೆ, ಪ್ರಕಾಶನ ಮುಂದಿನ ಕಥೆಯನ್ನು ದುರ್ಗದವರೊಬ್ಬರು ಬರೆದಿದ್ದರೆ, ಅದರಲ್ಲಿ ಯಾವ ನಟಿ ಇರಬೇಕಿತ್ತು ಎಂದು ಇವತ್ತು ನಾವು ಜಗಳಾಡುತ್ತಿರಲಿಲ್ಲ. ಅದರಲ್ಲಿದ್ದವಳು ಏನು ಮಾಡಿದಳು ಎಂದು ಮಕ್ಕಳಿಗೆ ಹೇಳುತ್ತಿದ್ದೆವು.