ಬಸುರಿ ನಾಯಿಯ ಕೊನೆಯ ಮೂರು ವಾರ

ಶ್ರಾವಣದ ಜಡಿಮಳೆ ಹಿಂದೆಗೆದು, ಭಾದ್ರಪದದ ಎಳೆಬಿಸಿಲು ಕೆಂಪುಕಲ್ಲಿನ ಪಾಗಾರಗಳ ಮೇಲಣ ಪಾಚಿಯನ್ನು ಆಗೊಮ್ಮೆ ಈಗೊಮ್ಮೆ ಒಣಗಿಸತೊಡಗುವ ಹೊತ್ತಿಗೆ ಮಂಗಳೂರಿನ ಓಣಿಗಳಲ್ಲಿ ನಾಯಿಗಳು ಕೂಡುವ ಕಾಲ ಬರುತ್ತದೆ. ಅಲ್ಲಿಂದ ಮುಂದಕ್ಕೆ, ನಾಲ್ಕು ದಿನ ಹೆಚ್ಚೋ ಕಡಿಮೆಯೋ, 63 ದಿನಗಳನ್ನೆಣಿಸಿದರೆ, ಅನೇಕ ಬಸುರಿಗಳ ದಿನ ತುಂಬುವುದು ಕುದ್ರೋಳಿಯ ದಸರಾ ಮೆರವಣಿಗೆಯ ವಾದ್ಯಘೋಷ ಅಡಗಿ ದೀಪಾವಳಿಯ ಪಟಾಕಿಯ ಸದ್ದು ಎದ್ದ ದಿನಗಳ ಆಸುಪಾಸಿನಲ್ಲಿ. ಮನೆಮಗಳಿಗೆ ಸೀಮಂತ ಮಾಡಿ, ಬಯಕೆಯ ಊಟ ಬಡಿಸಿ, ಆಕೆ ಏಳುವುದು ಕೂರುವುದಕ್ಕೂ ಕಣ್ಣಿಡುವ ನಮ್ಮ ಜನ, ಗೇಟಿನ ಹೊರಗಣ ಈ ಬಸುರಿಯ ವಿಷಯದಲ್ಲಿ ಮಾತ್ರ ಎರಡು ಪಂಗಡವಾಗಿ ಒಡೆಯುತ್ತಾರೆ: ಕಲ್ಲೆತ್ತಿ ಅಟ್ಟುವವರದೊಂದು, ಕಂಡಕಂಡದ್ದನ್ನು ಉಣಿಸುವವರದೊಂದು. ಮೊದಲನೆಯವರ ಕ್ರೌರ್ಯವನ್ನು ನಿಂದಿಸುವುದು ಸುಲಭ. ಎರಡನೆಯವರ ಅವಿವೇಕದ ವಿಚಾರವಾಗಿಯೂ ನಾಲ್ಕು ಮಾತು ಹೇಳುವುದು ಅವಶ್ಯವೆಂದು ನನಗೆ ತೋರುತ್ತದೆ.

ಆಹಾರದಿಂದಲೇ ಆರಂಭಿಸೋಣ. ನಾಯಿ ಗಬ್ಬವಾಗಿದೆಯೆಂದು ತಿಳಿದೊಡನೆ ಬಟ್ಟಲನ್ನು ತುಂಬಿ ತುಳುಕಿಸಬೇಕೆಂಬ ಗ್ರಹಿಕೆ ಸರಿಯಲ್ಲ. ಗರ್ಭದಲ್ಲಿನ ಮರಿಗಳು ಮೈತುಂಬಿಕೊಳ್ಳುವುದು ಬಹುಮಟ್ಟಿಗೆ ಕಡೆಯ ಮೂರು ವಾರಗಳಲ್ಲಿ. ಅದಕ್ಕೆ ಮುಂಚಿನ ಐದಾರು ವಾರ ತಾಯಿಗೆ ನಿತ್ಯದ ಪ್ರಮಾಣವೇ ಸಾಕು. ಆಮೇಲೆ ಅದನ್ನು ಕ್ರಮಕ್ರಮವಾಗಿ ಕಾಲುಭಾಗದಿಂದ ಅರ್ಧಭಾಗದಷ್ಟು ಹೆಚ್ಚಿಸುತ್ತ ಹೋಗಬೇಕು. ಹಿಗ್ಗಿದ ಗರ್ಭಕೋಶವು ಜಠರವನ್ನು ಒತ್ತುವುದರಿಂದ ಒಂದೇ ಸಲಕ್ಕೆ ಹೆಚ್ಚು ತಿನ್ನಲು ಅದಕ್ಕೆ ಸಾಧ್ಯವಾಗದು. ಆದಕಾರಣ ಎರಡು ಹೊತ್ತಿನ ಊಟವನ್ನು ನಾಲ್ಕು ಹೊತ್ತಿಗೆ ಹಂಚಿಕೊಡುವುದೇ ಯುಕ್ತ. ಕರಾವಳಿಯ ಮನೆಗಳಲ್ಲಿ ನಾಯಿಯ ಪಾಲಿಗೆ ಬರುವುದು ಸಾಮಾನ್ಯವಾಗಿ ಉಳಿದ ಕುಚ್ಚಲಕ್ಕಿ ಗಂಜಿ, ಅದರ ಮೇಲಿಷ್ಟು ಸಾರಿನ ತಿಳಿ. ಹೊಟ್ಟೆಯೇನೋ ಇದರಿಂದ ತುಂಬೀತು; ಐದಾರು ಮರಿಗಳ ಮಾಂಸಖಂಡವನ್ನು ಕಟ್ಟುವ ಸತ್ತ್ವ ಅದರಲ್ಲಿಲ್ಲ. ಅದೇ ಅನ್ನಕ್ಕೆ ಉಪ್ಪುಖಾರವಿಲ್ಲದೆ ಬೇಯಿಸಿ ಮುಳ್ಳು ತೆಗೆದ ಬೂತಾಯಿಯನ್ನೋ ಒಂದು ಬೇಯಿಸಿದ ಮೊಟ್ಟೆಯನ್ನೋ ಕಲಸಿದರೆ ವೆಚ್ಚ ಅಷ್ಟೇನೂ ಏರದು, ಊಟದ ಗುಣ ಮಾತ್ರ ಬೇರೆಯಾಗುತ್ತದೆ. ಬೇಯಿಸಿದ ಕೋಳಿಯ ಮೂಳೆ ಸಿಗುರುಸಿಗುರಾಗಿ ಒಡೆದು ಕರುಳನ್ನು ಚುಚ್ಚುವುದುಂಟು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟುಗಳು ನಾಯಿಗೆ ವಿಷಪ್ರಾಯ. ದಕ್ಕೆಯ ನಾಯಿಗಳ ಪಾಡಂತೂ ವಿಲಕ್ಷಣವಾದದ್ದು: ವರ್ಷದ ಬಹುಕಾಲ ಮೀನಿನ ರಾಶಿಯ ನಡುವೆ ಬದುಕುವ ಅವುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ 61 ದಿನ, ಕಡುಮಳೆಯೊಡನೆ ಉಪವಾಸವೂ ಕೂಡಿಬರುತ್ತದೆ. ಆ ಅವಧಿಯಲ್ಲಿ ಬಸುರಾದ ನಾಯಿಯೊಂದಿದ್ದರೆ, ಅದರ ಗರ್ಭಾವಧಿಯೂ ಈ ನಿಷೇಧವೂ ಹೆಚ್ಚುಕಡಿಮೆ ಸಮಸಮ.

ಇನ್ನು ಔಷಧದ ಮಾತು. ಪ್ರೀತಿಯಿಂದ ನಾಯಿ ಸಾಕಿದವರ ಮನೆಗಳಲ್ಲಿ, ವಿಶೇಷವಾಗಿ ಪೊಮೆರೇನಿಯನ್ನಿನಂತಹ ಸಣ್ಣ ತಳಿಗಳಿರುವಲ್ಲಿ, ಗರ್ಭ ನಿಂತಿತೆಂದರೆ ಸಾಕು, ಅಂಗಡಿಯಿಂದ ಕ್ಯಾಲ್ಸಿಯಂ ಸಿರಪ್ಪಿನ ಬಾಟಲಿ ಬರುತ್ತದೆ; ವೈದ್ಯರನ್ನು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಮರಿಗಳ ಎಲುಬಿಗೆ ಸುಣ್ಣದಂಶ ಬೇಕು, ಆದ್ದರಿಂದ ತಾಯಿಗೆ ಸುಣ್ಣದಂಶ ಕೊಡಬೇಕು ಎಂಬ ತರ್ಕವು ಕೇಳುವುದಕ್ಕೆ ನಿರ್ದುಷ್ಟವೆಂಬಂತೆ ತೋರಿದರೂ ಶರೀರವು ಆ ತರ್ಕವನ್ನು ಒಪ್ಪುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಕುಂದಿದಾಗ ಎಲುಬಿನ ಭಂಡಾರದಿಂದ ಅದನ್ನು ಬಿಡಿಸಿ ತರುವ ಹೊಣೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಎಂಬ ಪುಟ್ಟ ಗ್ರಂಥಿಗಳದು. ಹೊರಗಿನಿಂದ ಧಾರಾಳವಾಗಿ ಸುರಿದುಕೊಂಡು ಬಂದಾಗ ಆ ಗ್ರಂಥಿಗಳು ಕೆಲಸ ಬಿಟ್ಟು ಮಂಕಾಗಿರುತ್ತವೆ. ಹೆರಿಗೆಯ ತರುವಾಯ ಹಾಲಿನ ಮೂಲಕ ಕ್ಯಾಲ್ಸಿಯಂ ಥಟ್ಟನೆ ಹರಿದುಹೋಗತೊಡಗಿದಾಗ ಅವು ಸಕಾಲದಲ್ಲಿ ಎಚ್ಚರಗೊಳ್ಳದೆ, ಎರಡು ಮೂರು ವಾರಗಳ ಬಾಣಂತಿ ನಾಯಿ ಏದುಸಿರು ಬಿಡುತ್ತ, ಕಾಲು ಸೆಟೆದು, ನಡುಗಿ, ಕೊನೆಗೆ ಅಪಸ್ಮಾರ ಬಂದಂತೆ ಬಿದ್ದುಬಿಡುತ್ತದೆ. ಕೂಡಲೇ ಚಿಕಿತ್ಸೆ ದೊರೆಯದಿದ್ದರೆ ಪ್ರಾಣ ಉಳಿಯುವುದು ಕಷ್ಟ. ವಾತ್ಸಲ್ಯವು ಬಾಟಲಿಯ ರೂಪ ತಾಳಿ ಮಾಡುವ ಈ ಅನರ್ಥವು, ಬೀದಿಯ ಹುಡುಗನೊಬ್ಬ ಎಸೆಯುವ ಕಲ್ಲಿಗಿಂತ ಯಾವ ರೀತಿಯಲ್ಲಿ ಲಘುವಾದುದೆಂದು ನಾನರಿಯೆ.

ಆದರೆ ಕೊಡಬೇಕಾದ ಔಷಧವೂ ಒಂದುಂಟು. ತಾಯಿಯ ಅಂಗಾಂಶಗಳಲ್ಲಿ ನಿದ್ರಾಸ್ಥಿತಿಯಲ್ಲಿರುವ ದುಂಡುಹುಳುಗಳ ಮರಿಗಳು ಗರ್ಭದ ಕಡೆಯ ಭಾಗದಲ್ಲಿ ಎಚ್ಚತ್ತು ಹೊಕ್ಕುಳಬಳ್ಳಿಯ ದಾರಿಯಿಂದ ಮರಿಗಳೊಳಕ್ಕೆ ಸೇರುತ್ತವೆ. ನಾಯಿಮರಿಗಳು ಹುಟ್ಟುತ್ತಲೇ ಹುಳುಬಾಧೆಯನ್ನು ಹೊತ್ತು ಬರುವುದು ಹೀಗೆ, ಅವು ಹೇಲುವ ಮಣ್ಣಿನಲ್ಲಿ ಆಡಿದ ನಮ್ಮ ಮಕ್ಕಳಿಗೆ ಅದೇ ಹುಳು ತಗಲುವುದೂ ಹೀಗೆಯೇ. ಈ ಕಾಲಕ್ಕೆ ನಿರಪಾಯವಾದ ಹುಳದ ಔಷಧವಿದೆ. ಅದನ್ನು ಪಶುವೈದ್ಯರು ತೂಕ ನೋಡಿ ಹೇಳಬೇಕು. ಜೀವಂತ ರೋಗಾಣುಗಳಿಂದ ತಯಾರಾದ ಲಸಿಕೆಗಳು ಗಬ್ಬದ ನಾಯಿಗೆ ಸಲ್ಲವು. ಉಣ್ಣಿಗೆಂದು ಮನೆಯಲ್ಲಿ ಉಳಿದ ಯಾವುದೋ ಕೀಟನಾಶಕವನ್ನು ಬಳಿಯುವುದೂ, ಮೈ ಬಿಸಿಯಾಗಿದೆಯೆಂದು ಮನುಷ್ಯರ ಪ್ಯಾರಾಸಿಟಮಾಲನ್ನು ನುಂಗಿಸುವುದೂ ಸರ್ವಥಾ ತ್ಯಾಜ್ಯ.

ನನ್ನ ಮುಖ್ಯವಾದ ಮಾತಿರುವುದು ಸ್ಥಳದ ವಿಚಾರದಲ್ಲಿ. ದಿನ ಹತ್ತಿರವಾದಂತೆ ಬೀದಿನಾಯಿಯು ಮೂಲೆಮೂಲೆಗಳನ್ನು ಮೂಸುತ್ತ, ಮುಂಗಾಲಿನಿಂದ ಕೆದರುತ್ತ, ಒಂದು ಕಡೆ ಸುತ್ತು ಬಂದು ಮಲಗಿ, ಮನಸ್ಸೊಪ್ಪದೆ ಎದ್ದು, ಮತ್ತೊಂದು ಕಡೆಗೆ ಹೋಗುವುದನ್ನು ಯಾರೂ ನೋಡಬಹುದು. ಮಣ್ಣಗುಡ್ಡೆಯ ನಮ್ಮ ಓಣಿಯಲ್ಲಿ ಒಂದು ಕಂದು ನಾಯಿ, ಬಾಗಿಲು ಮುಚ್ಚಿದ್ದ ಒಂದು ಅಂಗಡಿಯ ಕಲ್ಲುಮೆಟ್ಟಿಲಿನ ಕೆಳಗೆ ತನ್ನ ಹೊಟ್ಟೆ ಹಿಡಿಸುವಷ್ಟೇ ಅಗಲದ ಗುಳಿಯನ್ನು ತೋಡಿ, ಅಗೆದ ಕೆಂಪುಮಣ್ಣನ್ನು ಗುಳಿಯ ಬಾಯಲ್ಲಿ ಒಡ್ಡಿನಂತೆ ಏರಿಸಿಟ್ಟಿತ್ತು. ಓಣಿಯ ನೀರು ಇಳಿದುಬರುವ ದಿಕ್ಕಿಗೇ ಆ ಒಡ್ಡು. ಇಂತಹ ಗೂಡುಗಳ ವಿಷಯದಲ್ಲಿ ಕೋಲ್ಕತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಯ ಅನಿಂದಿತಾ ಭದ್ರ ಅವರೂ ಸಂಗಡಿಗರೂ ನಡೆಸಿದ ಅಧ್ಯಯನಗಳು 2016ರಲ್ಲಿ ಪ್ರಕಟವಾದವು. ಬೀದಿಯ ತಾಯಂದಿರು ಹೆರುವುದಕ್ಕೆ ಆರಿಸುವುದು ಮನುಷ್ಯವಸತಿಗೆ ಸಮೀಪವಾದ ಜಾಗಗಳನ್ನು ಎಂಬುದು ಅವುಗಳಲ್ಲೊಂದರ ನಿರ್ಣಯ. 95 ಸೂಲುಗಳ 364 ಮರಿಗಳನ್ನು ಗಮನಿಸುತ್ತ ಹೋದಾಗ ಶೇಕಡಾ 19ರಷ್ಟು ಮಾತ್ರ ಪ್ರಾಯಕ್ಕೆ ಬರುವವರೆಗೆ ಉಳಿದವೆಂದೂ, ಸತ್ತವುಗಳಲ್ಲಿ ಶೇಕಡಾ 63ರ ಸಾವಿಗೆ ಒಂದಲ್ಲ ಒಂದು ರೀತಿಯಲ್ಲಿ ಮನುಷ್ಯನೇ ಕಾರಣನಾಗಿದ್ದನೆಂದೂ ಇನ್ನೊಂದರ ನಿರ್ಣಯ. ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿದಾಗ ಮಹಾಭಾರತದ ಆದಿಪರ್ವದ ಸರಮೆ ನೆನಪಾಗದಿರಲಾರಳು: ಹವಿಸ್ಸನ್ನು ನೆಕ್ಕಲೂ ಇಲ್ಲ, ಅದರತ್ತ ನೋಡಲೂ ಇಲ್ಲವೆಂದು ಅತ್ತ ತನ್ನ ಮರಿಯನ್ನು ಜನಮೇಜಯನ ತಮ್ಮಂದಿರು ಏಕೆ ಹೊಡೆದರೆಂದು ಯಾಗಶಾಲೆಗೇ ಬಂದು ಕೇಳಿದ ತಾಯಿ ಅವಳು. ಅವಳಿಗೆ ಅಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಆದುದರಿಂದ ನಾಯಿ ಆರಿಸಿಕೊಂಡ ಜಾಗದಿಂದ ಅದನ್ನು ಎಬ್ಬಿಸಬಾರದು. ಗೋಣಿಯಲ್ಲಿ ತುಂಬಿ ಬೇರೆ ಊರಿನ ಗಡಿಯಲ್ಲಿ ಬಿಟ್ಟುಬರುವುದು ಎಷ್ಟು ಕೆಟ್ಟದ್ದೋ, ಕನಿಕರದಿಂದ ತನ್ನ ಕಾರುಶೆಡ್ಡಿಗೆ ಎಳೆದೊಯ್ದು ಕಟ್ಟಿಹಾಕುವುದೂ ಹೆಚ್ಚುಕಡಿಮೆ ಅಷ್ಟೇ ಕೆಟ್ಟದ್ದು. ಗಾಬರಿಗೊಂಡ ತಾಯಿ ಮರಿಗಳನ್ನು ತೊರೆಯುವುದೂ, ಕಚ್ಚಿಕೊಂಡು ಹೋಗಿ ರಸ್ತೆಯಂಚಿನಲ್ಲಿಡುವುದೂ ಅಪೂರ್ವವೇನಲ್ಲ. ಮೇಲಿನಿಂದ ಮಳೆ ಸೋರದಂತೆ ಒಂದು ತಗಡು, ಅಡಿಗೆ ಒಣಗಿದ ಹಳೆಯ ಪಂಚೆ ಅಥವಾ ಸೀರೆ, ಪಟಾಕಿ ಹಚ್ಚುವವರಿಗೆ ಆ ಮೂಲೆಯಿಂದ ದೂರ ಸರಿಯುವಂತೆ ಒಂದು ವಿನಂತಿ: ಇಷ್ಟು ಸಾಕು. ಗೋಣಿ ನಮ್ಮ ಹವೆಯಲ್ಲಿ ತೇವ ಹೀರಿ ಒಣಗುವುದೇ ಇಲ್ಲವಾದ್ದರಿಂದ ಅದು ಬೇಡ.

ಮನೆಯ ನಾಯಿಯದು ಬೇರೆ ಕಥೆ. ಅದಕ್ಕೆ ದಿನ ತುಂಬುವ ಹತ್ತು ಹದಿನೈದು ದಿನಗಳ ಮುಂಚೆಯೇ, ಜನ ಓಡಾಡದ ಒಂದು ಕೋಣೆಯಲ್ಲಿ, ತಾಯಿ ದಾಟಬಲ್ಲ, ಮರಿ ದಾಟಲಾರದ ಎತ್ತರದ ಅಂಚಿರುವ ಪೆಟ್ಟಿಗೆಯನ್ನಿಟ್ಟು ರೂಢಿ ಮಾಡಿಸಬೇಕು. ಕಡೆಯ ಮೂರು ವಾರ ಹೊರನಾಯಿಗಳ ಸಂಪರ್ಕ ತಪ್ಪಿಸಬೇಕು. ಸಾಮಾನ್ಯವಾಗಿ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಇರುವ ಗುದದ್ವಾರದ ಉಷ್ಣತೆ 99ಕ್ಕಿಂತ ಕೆಳಗಿಳಿದರೆ ಒಂದು ಹಗಲಿರುಳಿನೊಳಗೆ ನೋವು ಆರಂಭವಾಗುವುದೆಂದು ತಿಳಿಯಬಹುದು. ಅರ್ಧ ಗಂಟೆ ಬಲವಾಗಿ ತಿಣುಕಿದರೂ ಮರಿ ಬಾರದಿದ್ದರೆ, ಅಥವಾ ಮೊದಲ ಮರಿಗೆ ಮುನ್ನವೇ ಹಸುರುಬಣ್ಣದ ಸ್ರಾವ ಕಂಡರೆ, ನೆರೆಯವರ ಸಲಹೆಗೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು. ಮರಿ ಮಾರುವ ಆಸೆಯಿಂದ ಬಸುರು ಮಾಡಿಸುವವರು, 18 ತಿಂಗಳು ತುಂಬದ ನಾಯಿಯಿಂದ ಮರಿ ಪಡೆಯುವುದನ್ನೂ ವರ್ಷಕ್ಕೆರಡು ಸೂಲು ಹಾಕಿಸುವುದನ್ನೂ 2017ರ ತಳಿಸಂವರ್ಧನ ನಿಯಮಗಳು ನಿಷೇಧಿಸಿವೆಯೆಂಬುದನ್ನು ನೆನಪಿಡುವುದು ಒಳ್ಳೆಯದು.

ಇಷ್ಟೆಲ್ಲ ಆರೈಕೆ ಮಾಡಿ ಬೀದಿಯಲ್ಲಿ ನಾಯಿಗಳನ್ನು ಹೆಚ್ಚಿಸುವುದೇ ನಿಮ್ಮ ಉದ್ದೇಶವೇ ಎಂದು ಕೇಳುವವರುಂಟು. ರಾತ್ರಿ ಕೆಲಸ ಮುಗಿಸಿ ಸ್ಕೂಟರಿನಲ್ಲಿ ಬರುವವರ, ಶಾಲೆಗೆ ನಡೆದುಹೋಗುವ ಮಕ್ಕಳ ತಾಯಂದಿರ ಬಾಯಿಂದ ಬಂದಾಗ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಉತ್ತರವಿರುವುದು ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ. ಬಸುರಿ ನಾಯಿಗೆ, ಗರ್ಭ ಯಾವ ಹಂತದಲ್ಲಿದ್ದರೂ, ಗರ್ಭಪಾತವನ್ನಾಗಲಿ ಶಸ್ತ್ರಚಿಕಿತ್ಸೆಯನ್ನಾಗಲಿ ಮಾಡದೆ ಹೆರಿಗೆಯವರೆಗೆ ಬಿಟ್ಟುಕೊಡಬೇಕೆಂದು 2001ರ ಸಂತಾನ ನಿಯಂತ್ರಣ ನಿಯಮಗಳು ಹೇಳಿದ್ದವು. ಅವುಗಳ ಸ್ಥಾನದಲ್ಲಿ ಬಂದ 2023ರ ನಿಯಮಗಳು, ಮಕ್ಕಳು ಆಡುವಲ್ಲಿಂದಲೂ ಕಟ್ಟಡದ ಬಾಗಿಲುಗಳಿಂದಲೂ ದೂರವಾಗಿ ನಾಯಿಗಳಿಗೆ ಊಟವಿಡುವ ಜಾಗವನ್ನು ಗೊತ್ತುಮಾಡುವ ಹೊಣೆಯನ್ನು ನಿವಾಸಿಗಳ ಸಂಘಗಳಿಗೂ ಸ್ಥಳೀಯ ಸಂಸ್ಥೆಗೂ ಹೊರಿಸಿವೆ. ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟಿನಂತಹ ಸಂಸ್ಥೆ ನಮ್ಮ ಊರಿನಲ್ಲೇ ಇದೆ. ಕೊರತೆಯಿರುವುದು ಯಾವ ಓಣಿಯಲ್ಲಿ ಯಾವ ನಾಯಿ ಯಾವಾಗ ಹೆತ್ತಿತೆಂಬ ತಿಳಿವಳಿಕೆಯಲ್ಲಿ; ಆ ತಿಳಿವಳಿಕೆ ದಿನವೂ ಅನ್ನ ಹಾಕುವ ಕೈಗಳಲ್ಲಿದೆ, ಕಚೇರಿಯ ಕಡತಗಳಲ್ಲಿಲ್ಲ. ಅನ್ನ ಹಾಕುವವರು ಅದನ್ನು ಒದಗಿಸಲು ಒಪ್ಪದಿದ್ದರೆ ಅವರ ದಯೆ ಅರ್ಧದಾರಿಯದೆಂದೇ ನನ್ನ ಭಾವನೆ.

ಮಹಾನಗರ ಪಾಲಿಕೆಯ 60 ವಾರ್ಡುಗಳಲ್ಲಿಯೂ ದೀಪಾವಳಿಗೆ ಮುನ್ನ ಇಂತಹವರಿಂದ ಬಸುರಿ ನಾಯಿಗಳ ಪಟ್ಟಿಯೊಂದನ್ನು, ಬಣ್ಣ, ಜಾಗ, ಅಂದಾಜಿನ ದಿನಗಳ ಸಹಿತ, ಬರೆಸಿಕೊಂಡರೆ, ಮರಿಗಳಿಗೆ ಎರಡು ತಿಂಗಳು ತುಂಬಿ ತಾಯಿಯ ಹಾಲು ಬತ್ತುವ ಪುಷ್ಯ-ಮಾಘಗಳಲ್ಲಿ ಶಸ್ತ್ರಚಿಕಿತ್ಸೆಯ ವಾಹನ ಹೋಗಬೇಕಾದ ವಿಳಾಸಗಳ ಪಟ್ಟಿಯೂ ಅದೇ ಆಗುತ್ತದೆ. ಅನ್ನ ಹಾಕಿ ಪರಿಚಯವಾದ ಕೈ ಕರೆದರೆ ನಾಯಿ ಬಲೆಯಿಲ್ಲದೆಯೇ ಬರುತ್ತದೆ. ಕಿವಿಯ ತುದಿಗೆ ಗುರುತು ಹಾಕಿಸಿಕೊಂಡು, ರೇಬೀಸ್ ಲಸಿಕೆ ಪಡೆದು, ಮುಂದಿನ ಭಾದ್ರಪದಕ್ಕೆ ಮುಂಚೆಯೇ ಅದು ತನ್ನ ಓಣಿಗೆ ಮರಳಿರುತ್ತದೆ.