ಬಾಯಾಗಿನ ನೀರು

ನಮ್ಮ ನೆಗೆಣ್ಣಿಗೆ ಗಲ್ಲದ ಕ್ಯಾನ್ಸರ್ ಆಗಿ, ಆಪರೇಷನ್ ಮಾಡಿ, ರೇಡಿಯೇಷನ್ ಕೊಟ್ಟು ಮೂರು ವರ್ಷ ಆತು. ಆರಾಮ ಇದ್ದಾಳ. ಆದ್ರ ಕಟಕ ರೊಟ್ಟಿ ತಿಂದೂ ಮೂರು ವರ್ಷ ಆತು. ಬಾಯಾಗ ಇಟ್ಕೊಂಡ್ರ ಅಲ್ಲೇ ಅಂಟ್ಕೊಂಡು ಕೂಡ್ತದ, ಗಂಟಲದಾಗ ಇಳಿಯಂಗಿಲ್ಲ. ರಾತ್ರಿ ನಾಲ್ಕು ಸರ್ತಿ ನೀರಿಗೆ ಏಳ್ತಾಳ. ಮದವಿ ಮನ್ಯಾಗ ಪಂಕ್ತಿಗೆ ಕರದ್ರ "ಹಸಿವಿಲ್ಲ ಬಿಡ್ರಿ" ಅಂತಾಳ.

"ಜೀವಾ ಉಳೀತಲ್ಲವಾ, ಬಾಯಿ ಒಣಗೂದೇನು ದೊಡ್ಡದು?" ಅಂತಾರ ಬಂದವರೆಲ್ಲಾ. ಸುಳ್ಳ್ಯಾಕ ಹೇಳ್ಲಿ, ನಾನೂ ಅಂದಾಕೀನ. ಆ ಮಾತು ತಪ್ಪು ಅಂತ ಈಗ ಅನಸ್ತದ.

ಕಿವಿ ಕೆಳಗ ಎರಡೂ ಕಡೆ ಜೊಲ್ಲಿನ ಗ್ರಂಥಿ ಇರ್ತಾವ, ಪರೋಟಿಡ್ ಅಂತಾರ. ಊಟದ ಹೊತ್ತಿಗೆ ಬಾಯಾಗ ನೀರು ಬಿಡೂವು ಹೆಚ್ಚಾಗಿ ಇವನ. ದವಡಿ ಕೆಳಗಿನ ಎರಡು ಉಳದ ಹೊತ್ತಿನಾಗ ಬಾಯಿ ಹಸಿ ಇಡ್ತಾವ. ಕಿರಣ ಭಾಳ ಬಿತ್ತಂದ್ರ ಇವು ಬತ್ತತಾವ, ತಿರುಗಿ ಮೊದಲಿನಂಗ ಆಗೂದು ಕಷ್ಟ. ಹಳೇ ಪದ್ಧತ್ಯಾಗ ಎರಡೂ ಕಡೆಯಿಂದ ನೇರ ಕಿರಣ ಬಿಡ್ತಿದ್ರು. ಈಗ ಐಎಂಆರ್‌ಟಿ ಅಂತ ಅದ, ಗಡ್ಡಿ ಇದ್ದಲ್ಲೆ ಜೋರು, ಗ್ರಂಥಿ ಇದ್ದಲ್ಲೆ ಕಡಿಮಿ ಮಾಡಿ ಬಿಡ್ತಾರ. ಇಂಗ್ಲೆಂಡಿನ ಡಾಕ್ಟರಗೋಳು ಎರಡೂ ರೀತಿ ಕೊಟ್ಟು ನೋಡಿ 2011ರಾಗ ಬರದಿದ್ದನ್ನ ನನ್ನ ಮಗಾ ಓದಿ ಹೇಳಿದ: ಒಂದು ವರ್ಷದ ಮ್ಯಾಲೂ ಬಾಯಿ ಒಣಗಿ ತ್ರಾಸ ಪಡೋರು ಹಳೇ ರೀತ್ಯಾಗ 100ಕ್ಕ 74, ಹೊಸದ್ರಾಗ 38.

ಗಡ್ಡಿ ಗ್ರಂಥಿಗೇ ಹತ್ತಿದ್ರ ಉಳಸಾಕ ಬರಂಗಿಲ್ಲ, ಒಪ್ತೀನಿ. ರೋಗಾ ಬಿಟ್ಟು ಜೊಲ್ಲು ಉಳಸ್ರಿ ಅಂತ ಯಾರೂ ಕೇಳಬಾರದು. ಆದ್ರ ನಾವು ಬಾಯೇ ತಗೀಲಿಲ್ಲಲ್ಲಾ! ಖರ್ಚೆಷ್ಟು, ಎಷ್ಟು ವಾರ, ತಲೀ ಕೂದಲಾ ಉದರ್ತಾವೇನು, ಇಷ್ಟ ಕೇಳಿದ್ವಿ. ಮುಖಕ್ಕ ಜಾಳಿಗಿ ಮುಖವಾಡ ಮಾಡಿ, ಸಿಟಿ ಸ್ಕ್ಯಾನ್ ತಗದು ಲೆಕ್ಕಾ ಹಾಕ್ತಾರಲ್ಲ, ಕೇಳೂದು ಆವಾಗ. ಆಮ್ಯಾಲೆ ಕೇಳಿ ಏನು ಮಾಡೂದು? ಕೇಳಿದ್ರ ಆಕಿಗೆ ಉಳೀತಿತ್ತೋ ಇಲ್ಲೋ, ಅದು ಬ್ಯಾರೆ ಮಾತು.

ಹಲ್ಲೂ ಅಷ್ಟ. ಜೊಲ್ಲಿಲ್ಲಂದ್ರ ಹಲ್ಲು ಲಗೂನ ಹುಳುಕಾಗ್ತಾವ, ರೇಡಿಯೇಷನ್ ಆದ ದವಡ್ಯಾಗ ಹಲ್ಲು ಕಿತ್ತರ ಗಾಯ ಮಾಯೂದು ಭಾಳ ತ್ರಾಸ. ಅದಕ್ಕ ಶುರು ಆಗೂದಕ್ಕೂ ಮೊದಲ ಹಲ್ಲಿನ ಡಾಕ್ಟರ್ ಕಡೆ ಹೋಗಬೇಕು. ಇನ್ನ ಬಾಯಿ ಒಣಗ್ತದಂತ ಪೆಪ್ಪರಮಿಂಟ್ ಕೊಡೋ ಪ್ರೀತೀ ಮಂದಿ ಇದ್ದಾರಲ್ಲ, ಸಕ್ರಿ ಇಲ್ಲದ್ದಿದ್ರ ಕೊಡ್ರಿ.

ಮೊನ್ನೆ ನಮ್ಮ ಓಣ್ಯಾಗಿನಾಕಿ ಒಬ್ಬಾಕಿ ಗಂಡನ ಫೈಲು ಹಿಡಕೊಂಡು ಬಂದಿದ್ಲು, ಸೋಮವಾರ ಮುಖವಾಡದ ಅಳತಿ ಅಂತ. ಅದರ ಹಿಂದ ಪೆನ್ಸಿಲ್ಲಿಲೆ ಬರದು ಕೊಟ್ಟೆ: "ಡಾಕ್ಟರೇ, ಕಿವಿ ಕೆಳಗಿನ ಜೊಲ್ಲಿನ ಗ್ರಂಥಿ ಒಂದರೆ ಉಳಸಾಕ ಬರ್ತದೇನು?"